ಕ್ರೀಡಾ ಅಂಕಣದಿಂದ ಟಾಕ್ ರೇಡಿಯೊಗೆ: ಬರಹಗಾರನಿಗೊಂದು ಕೈಪಿಡಿ

ಅಮೆರಿಕದಲ್ಲಿ ಕ್ರೀಡಾ ಬರಹಗಾರರು ಪತ್ರಿಕೆಯ ಮೇಜಿನಿಂದೆದ್ದು ರೇಡಿಯೊ ಸ್ಟುಡಿಯೊಗೆ ಹೋಗುವುದು ಹೊಸದೇನಲ್ಲ. 1987ರ ಜುಲೈ 1ರಂದು ನ್ಯೂಯಾರ್ಕಿನ ಡಬ್ಲ್ಯುಎಫ್‌ಎಎನ್ ದಿನದ 24 ಗಂಟೆಯೂ ಕ್ರೀಡೆಯ ಬಗ್ಗೆಯೇ ಮಾತಾಡುವ ಕೇಂದ್ರವಾಗಿ ಪ್ರಸಾರ ಆರಂಭಿಸಿತು. ಬೇರೆ ನಗರಗಳಲ್ಲೂ ಇಂಥ ಕೇಂದ್ರಗಳು ಹುಟ್ಟಿಕೊಂಡಾಗ ಅಷ್ಟು ಹೊತ್ತು ಮಾತಾಡಲು ವಿಷಯ ಬಲ್ಲವರು ಬೇಕಾದರು. ಊರಿನ ತಂಡಗಳ ಒಳಹೊರಗು ತಿಳಿದವರು ಪತ್ರಿಕೆಗಳ ಕ್ರೀಡಾ ವಿಭಾಗಗಳಲ್ಲಿ ಸಿದ್ಧವಾಗಿಯೇ ಇದ್ದರು. ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಗೆ ಈಗಲ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ವರದಿ ಬರೆಯುತ್ತಿದ್ದ ಆ್ಯಂಜೆಲೊ ಕಟಾಲ್ಡಿ ಡಬ್ಲ್ಯುಐಪಿ ಕೇಂದ್ರದ ಬೆಳಗಿನ ಕಾರ್ಯಕ್ರಮಕ್ಕೆ ಹೋಗಿ, ಮೂರು ದಶಕಗಳಿಗೂ ಹೆಚ್ಚು ಕಾಲ ಅಲ್ಲಿದ್ದು, 2023ರಲ್ಲಿ ನಿವೃತ್ತರಾದರು. ವಾಷಿಂಗ್ಟನ್ ಪೋಸ್ಟ್‌ನ ಅಂಕಣಕಾರ ಟೋನಿ ಕಾರ್ನ್‌ಹೈಸರ್ 1992ರಲ್ಲಿ ಡಬ್ಲ್ಯುಟಿಇಎಂ ಕೇಂದ್ರದಲ್ಲಿ ಕಾರ್ಯಕ್ರಮ ಆರಂಭಿಸಿದರೂ ಪತ್ರಿಕೆಯನ್ನು ಆಗಲೇ ಬಿಡಲಿಲ್ಲ. ಡೆಟ್ರಾಯಿಟ್ ಫ್ರೀ ಪ್ರೆಸ್‌ನ ಮಿಚ್ ಆಲ್ಬಮ್, ಮಯಾಮಿ ಹೆರಾಲ್ಡ್‌ನ ಡ್ಯಾನ್ ಲೆ ಬಟಾರ್ಡ್ ಕೂಡ ಹೀಗೆ ಎರಡೂ ಕಡೆ ದುಡಿದವರೇ.

ಈ ಬರಹ ಅದೇ ದಾರಿ ಹಿಡಿಯಬೇಕೆಂದಿರುವ ಅಂಕಣಕಾರರಿಗಾಗಿ. ತಮ್ಮ ದನಿ ಚೆನ್ನಾಗಿಲ್ಲ ಎಂಬ ಅಳುಕು ಬರೆಯುವವರಲ್ಲಿ ಬಹುಮಂದಿಗೆ ಇರುತ್ತದೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸುದ್ದಿ ಓದುವವರ ದನಿ ಇಲ್ಲಿ ಯಾರಿಗೂ ಬೇಕಿಲ್ಲ. ನಿಜವಾದ ತೊಡಕು ಬೇರೆಯೇ ಇದೆ. ಅಂಕಣದಲ್ಲಿ ವಾದವನ್ನು ಮುಗಿಸಿ ಓದುಗರ ಕೈಗೆ ಕೊಡಬೇಕು. ರೇಡಿಯೊದಲ್ಲಿ ವಾದವನ್ನು ಆರಂಭಿಸಿ, ಉಳಿದದ್ದನ್ನು ಕೇಳುಗರು ಎಳೆದಾಡಲು ಬಿಡಬೇಕು. ವರ್ಷಗಟ್ಟಲೆ ಕೊನೆಯ ಸಾಲನ್ನು ತಿದ್ದಿ ತೀಡಿ ರೂಢಿಯಾದ ಕೈಗೆ ಇದು ಸುಲಭವಾಗಿ ಒಗ್ಗುವುದಿಲ್ಲ, ಮತ್ತು ಈ ಕೈಪಿಡಿಯ ಹೆಚ್ಚಿನ ಸಲಹೆಗಳು ಆ ಒಂದು ಅಭ್ಯಾಸವನ್ನು ಬಿಡಿಸುವುದಕ್ಕೆ ಸಂಬಂಧಿಸಿದವು.

ಕೆಲಸ ಬಿಡುವ ಮುನ್ನ

ಅತಿಥಿಯಾಗಿ ವಾರಕ್ಕೊಮ್ಮೆ ಹತ್ತು ನಿಮಿಷ ಮಾತಾಡಿ ಮೆಚ್ಚುಗೆ ಪಡೆದವರು ತಮಗೆ ರೇಡಿಯೊ ಕೈಹಿಡಿದಿದೆ ಎಂದು ತಿಳಿಯುವುದುಂಟು. ಆ ಹತ್ತು ನಿಮಿಷದಲ್ಲಿ ಪ್ರಶ್ನೆ ಹುಡುಕಿದವರು, ಮಾತು ನಿಂತಲ್ಲಿ ಎತ್ತಿಕೊಂಡವರು, ಗಡಿಯಾರ ನೋಡಿದವರು ಬೇರೆಯವರು. 800 ಪದಗಳ ಇಂಗ್ಲಿಷ್ ಅಂಕಣವೊಂದನ್ನು ಗಟ್ಟಿಯಾಗಿ ಓದಿದರೆ ಐದಾರು ನಿಮಿಷದಲ್ಲಿ ಮುಗಿಯುತ್ತದೆ. ನಾಲ್ಕು ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು, ಸಂಚಾರ ಮಾಹಿತಿ, ಸುದ್ದಿ ತುಣುಕುಗಳನ್ನು ಕಳೆದರೂ ಸುಮಾರು ಮೂರು ಗಂಟೆ ಮಾತು ಉಳಿಯುತ್ತದೆ, ಅಂದರೆ ದಿನಕ್ಕೆ ಸರಿಸುಮಾರು 30 ಅಂಕಣಗಳಷ್ಟು. ವಾರಕ್ಕೆ ಮೂರು ಬರೆಯುತ್ತಿದ್ದವರು ಈ ಲೆಕ್ಕವನ್ನು ಒಮ್ಮೆ ಎದುರಿಗಿಟ್ಟುಕೊಂಡು ಯೋಚಿಸುವುದು ಒಳ್ಳೆಯದು.

ಆದ್ದರಿಂದ ರಜೆಯ ಮೇಲೆ ಹೋದ ನಿರೂಪಕರ ಬದಲಿಗೆ ಕೂರುವ ಅವಕಾಶವನ್ನು ಕೇಳಿ ಪಡೆಯಿರಿ. ಅದರಲ್ಲೂ ಪಂದ್ಯವಿಲ್ಲದ ವಾರದ ರಾತ್ರಿ ಪಾಳಿಯನ್ನು, ಜೊತೆ ನಿರೂಪಕರಿಲ್ಲದೆ, ಕೇಳಿಕೊಳ್ಳಿ. ಊರಿನ ತಂಡ ಗೆದ್ದ ಮರುದಿನ ಯಾರು ಬೇಕಾದರೂ ಕಾರ್ಯಕ್ರಮ ನಡೆಸಬಹುದು, ಏಕೆಂದರೆ ಫೋನುಗಳು ತಾವಾಗಿಯೇ ಬರುತ್ತವೆ. ಯಾರೂ ಕರೆ ಮಾಡದ ರಾತ್ರಿ ಮೂರನೆಯ ಗಂಟೆಯಲ್ಲೂ ನಿಮಗೆ ಹೇಳುವುದೇನಾದರೂ ಉಳಿದಿದೆಯೇ, ಅದನ್ನು ಹೇಳುವ ಆಸೆಯೂ ಉಳಿದಿದೆಯೇ ಎಂಬುದು ಆಗ ಗೊತ್ತಾಗುತ್ತದೆ.

ಒಪ್ಪಂದದಲ್ಲಿ ನೋಡಬೇಕಾದದ್ದು

ಎರಡೂ ಕಡೆ ದುಡಿಯುವುದಾದರೆ ಸುದ್ದಿ ಮೊದಲು ಎಲ್ಲಿ ಬರಬೇಕು ಎಂಬುದು ಬರಹದಲ್ಲಿರಲಿ. ತರಬೇತುದಾರರೊಬ್ಬರ ವಜಾ ಸುದ್ದಿ ಬೆಳಗಿನ ಎಂಟಕ್ಕೆ ನಿಮಗೆ ಸಿಕ್ಕಿತೆಂದುಕೊಳ್ಳಿ; ಅದನ್ನು ಆ ಕ್ಷಣವೇ ಮೈಕಿನಲ್ಲಿ ಹೇಳಿದರೆ ಸಂಬಳ ಕೊಡುವ ಸಂಪಾದಕರು ಅದನ್ನು ಎಲ್ಲರೊಡನೆ ರೇಡಿಯೊದಲ್ಲೇ ಕೇಳಿ ತಿಳಿಯಬೇಕಾಗುತ್ತದೆ. ಹಾಗೆಯೇ, ಕೇಂದ್ರವನ್ನು ಬಿಟ್ಟ ಮೇಲೆ ಅದೇ ಊರಿನ ಇನ್ನೊಂದು ಕೇಂದ್ರಕ್ಕೆ ಇಷ್ಟು ತಿಂಗಳು ಹೋಗಕೂಡದು ಎಂಬ ಷರತ್ತು ರೇಡಿಯೊ ಒಪ್ಪಂದಗಳಲ್ಲಿ ಸಾಮಾನ್ಯ. ಪತ್ರಿಕೆಯ ನೌಕರಿಯಲ್ಲಿ ಇಂಥದ್ದನ್ನು ಕಾಣದವರು ವಕೀಲರಿಗೆ ತೋರಿಸದೆ ಸಹಿ ಹಾಕಬಾರದು.

ಇದಕ್ಕಿಂತ ದೊಡ್ಡ ಪ್ರಶ್ನೆ ಕೇಂದ್ರಕ್ಕೂ ತಂಡಕ್ಕೂ ಇರುವ ನಂಟಿನದು. ಹಲವು ಕ್ರೀಡಾ ಕೇಂದ್ರಗಳು ಊರಿನ ತಂಡದ ಪಂದ್ಯಗಳ ಪ್ರಸಾರ ಹಕ್ಕನ್ನು ದುಡ್ಡು ಕೊಟ್ಟು ಪಡೆದಿರುತ್ತವೆ. ಮರುದಿನ ಬೆಳಿಗ್ಗೆ ಆ ತಂಡವನ್ನೇ ನೀವು ತರಾಟೆಗೆ ತೆಗೆದುಕೊಳ್ಳಬೇಕಾಗಿರುತ್ತದೆ. ವಾಷಿಂಗ್ಟನ್ನಿನಲ್ಲಿ ಇದು ಇನ್ನೂ ಮುಂದಕ್ಕೆ ಹೋಯಿತು: ಫುಟ್‌ಬಾಲ್ ತಂಡದ ಆಗಿನ ಮಾಲೀಕ ಡ್ಯಾನಿಯಲ್ ಸ್ನೈಡರ್ ಅವರ ಕಂಪನಿ 2008ರಲ್ಲಿ ಡಬ್ಲ್ಯುಟಿಇಎಂ ಕೇಂದ್ರವನ್ನೇ ಕೊಂಡಿತು. ತಂಡವನ್ನು ಟೀಕಿಸಿದ ಕಾರಣಕ್ಕೆ ನಿಮ್ಮನ್ನು ತೆಗೆಯುವಂತಿಲ್ಲ ಎಂಬ ಸಾಲು ಒಪ್ಪಂದದಲ್ಲಿ ಸಿಗುವುದು ಕಷ್ಟ, ಆದರೂ ಕೇಳಿ. ಆ ಕೋರಿಕೆಗೆ ಬರುವ ಉತ್ತರದಿಂದ ಕೇಂದ್ರದ ಮನಸ್ಸು ಅರ್ಥವಾಗುತ್ತದೆ.

ಅಂಕಣವನ್ನು ಮಾತಿನ ಆರಂಭವಾಗಿ ತಿರುಗಿಸುವುದು

ಗಂಟೆಯ ಮೊದಲಲ್ಲಿ ನಿರೂಪಕ ಒಬ್ಬನೇ ಮಾತಾಡುವ ಎಂಟು-ಹತ್ತು ನಿಮಿಷವೇ ನಿಮ್ಮ ಹಳೆಯ ಅಂಕಣದ ಹೊಸ ರೂಪ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2018ರ ಫೆಬ್ರುವರಿ 4ರ ಸೂಪರ್ ಬೌಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್ಲಿನಲ್ಲಿ, ಈಗಲ್ಸ್ ತಂಡ ಮೊದಲಾರ್ಧ ಮುಗಿಯಲು ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಉಳಿದಿರುವಾಗ 15–12ರಿಂದ ಮುಂದಿತ್ತು. ಚೆಂಡು ಗೋಲು ಗೆರೆಗೆ ಒಂದು ಗಜ ದೂರದಲ್ಲಿತ್ತು, ಉಳಿದದ್ದು ನಾಲ್ಕನೆಯ ಹಾಗೂ ಕೊನೆಯ ಯತ್ನ. ಚೆಂಡನ್ನು ಒದ್ದು ಖಚಿತವಾಗಿ 3 ಅಂಕ ಪಡೆಯಬಹುದಿತ್ತು. ತರಬೇತುದಾರ ಡಗ್ ಪೀಡರ್ಸನ್ ಅದನ್ನು ಬಿಟ್ಟು ಚೆಂಡು ಎಸೆಯುವ ನಿಕ್ ಫೋಲ್ಸ್ ಅವರಿಂದಲೇ ಚೆಂಡು ಹಿಡಿಸುವ ಆಟವನ್ನು ಆಡಿಸಿದರು. ಅದು ಫಲಿಸಿ ತಂಡ 41–33ರಿಂದ ಗೆದ್ದಿತು.

ಅಂಕಣಕಾರ ಇದನ್ನು ಹೇಗೆ ಬರೆಯುತ್ತಾನೆ? ಮೈದಾನದ ಸದ್ದಿನಿಂದ ಹೊರಟು, ಪೀಡರ್ಸನ್ ಅವರ ಹಿಂದಿನ ನಿರ್ಧಾರಗಳನ್ನು ನೆನೆದು, ಎದುರಾಳಿ ನ್ಯೂ ಇಂಗ್ಲೆಂಡಿನ ಅನುಭವವನ್ನು ತೂಗಿ, ಅಂಥ ತಂಡದ ಎದುರು ಮೂರು ಅಂಕಕ್ಕೆ ತೃಪ್ತಿಪಡುವವನು ಗೆಲ್ಲುವುದಿಲ್ಲ ಎಂಬಲ್ಲಿಗೆ ಮೆಲ್ಲನೆ ಬಂದು ನಿಲ್ಲುತ್ತಾನೆ. ಓದುಗ ಒಪ್ಪಿ ಪುಟ ತಿರುವುತ್ತಾನೆ. ಇದನ್ನೇ ರೇಡಿಯೊದಲ್ಲಿ ಓದಿದರೆ, ಏಳನೆಯ ನಿಮಿಷಕ್ಕೆ ಬರುವ ತೀರ್ಮಾನ ಕಾರಿನಿಂದ ಇಳಿದುಹೋದ ಕೇಳುಗನಿಗೆ ಮುಟ್ಟುವುದೇ ಇಲ್ಲ. ಮುಟ್ಟಿದವನಿಗೂ ಫೋನ್ ಎತ್ತಿಕೊಳ್ಳಲು ಕಾರಣವಿರುವುದಿಲ್ಲ, ಏಕೆಂದರೆ ಗೆದ್ದ ನಿರ್ಧಾರವನ್ನು ಸರಿ ಎಂದವನ ಜೊತೆ ವಾದಿಸುವುದಕ್ಕೆ ಏನಿದೆ?

ರೇಡಿಯೊದ ಆರಂಭ ಹೀಗಿರಬಹುದು: “ಆ ಎಸೆತ ನೆಲಕ್ಕೆ ಬಿದ್ದಿದ್ದರೆ ಈ ಹೊತ್ತು ನೀವೆಲ್ಲ ಪೀಡರ್ಸನ್ ಅವರನ್ನು ಮನೆಗೆ ಕಳಿಸಿ ಎನ್ನುತ್ತಿದ್ದಿರಿ. ನಾನು ಎನ್ನುತ್ತಿರಲಿಲ್ಲ. ಏಕೆ ಎಂದು ಹೇಳುತ್ತೇನೆ.” ಮೂರೇ ವಾಕ್ಯಗಳಲ್ಲಿ ನಿಮ್ಮ ನಿಲುವು ಮುಂದೆ ಬಂದಿದೆ, ಕೇಳುಗನ ಮೇಲೊಂದು ಆರೋಪವೂ ಇದೆ, ಅದನ್ನು ಅಲ್ಲಗಳೆಯಲು ಅವನಿಗೆ ಆಸ್ಪದವೂ ಇದೆ. ಅಂಕಣಕ್ಕೆ ಸಂಗ್ರಹಿಸಿದ ವಿವರಗಳೆಲ್ಲ ಇದರ ಹಿಂದೆ ಬರಲಿ, ಆದರೆ ಎಲ್ಲವೂ ಮೊದಲ ಹತ್ತು ನಿಮಿಷದಲ್ಲಿ ಖರ್ಚಾಗದಿರಲಿ. ಒಂದೆರಡನ್ನು ಉಳಿಸಿಕೊಂಡಿದ್ದು, ಎದುರು ವಾದ ಹೂಡಿದ ಕರೆಗೆ ಉತ್ತರವಾಗಿ ಬಳಸಿದರೆ ಅವುಗಳ ಬೆಲೆ ಇಮ್ಮಡಿಯಾಗುತ್ತದೆ.

ಪೂರ್ತಿ ಬರೆದುಕೊಂಡು ಓದಬೇಡಿ. ಬರೆಯುವವರ ವಾಕ್ಯಗಳಲ್ಲಿ ಒಳವಾಕ್ಯಗಳು ಹೆಚ್ಚು, ಅವು ಕಣ್ಣಿಗೆ ಹಿತವಾಗಿದ್ದು ಕಿವಿಗೆ ಭಾರವಾಗುತ್ತವೆ. ಮೊದಲ ವಾಕ್ಯವನ್ನು ಮಾತ್ರ ಅಕ್ಷರಶಃ ಬರೆದು, ಉಳಿದುದಕ್ಕೆ ಹೆಸರು, ಅಂಕಿ, ದಿನಾಂಕಗಳಿರುವ ಒಂದು ಚೀಟಿ ಸಾಕು. ನಿಲುವಿನ ಬಗ್ಗೆ ಒಂದು ಎಚ್ಚರಿಕೆಯೂ ಬೇಕು. ವಾದ ಹುಟ್ಟಿಸುವುದಕ್ಕೆಂದೇ ತಾನು ನಂಬದ್ದನ್ನು ಹೇಳುವ ಚಾಳಿ ಈ ವೃತ್ತಿಯಲ್ಲಿ ಧಾರಾಳವಾಗಿದೆ, ಮತ್ತು ನನ್ನ ಮಟ್ಟಿಗೆ ಅದು ಸೋಮಾರಿತನ. ನಿಜವಾಗಿ ನಂಬಿದ್ದರಲ್ಲೇ ಇತರರು ಒಪ್ಪದ ಅಂಶ ಯಾವುದೆಂದು ಹುಡುಕುವುದು ಹೆಚ್ಚು ಶ್ರಮದ ಕೆಲಸ, ಆದರೆ ಮೂರನೆಯ ಗಂಟೆಯಲ್ಲೂ ವಾದ ಬಾಡದೆ ಇರುವುದು ಅದರಿಂದಲೇ.

ಗಡಿಯಾರ

ಪತ್ರಿಕೆಯ ಡೆಡ್‌ಲೈನ್ ದಿನಕ್ಕೊಮ್ಮೆ ಬರುತ್ತದೆ, ಸ್ಟುಡಿಯೊದಲ್ಲಿ ಅದು ಪ್ರತಿ ಹನ್ನೆರಡು ನಿಮಿಷಕ್ಕೊಮ್ಮೆ ಬರುತ್ತದೆ. ಗಂಟೆಯ ಯಾವ ನಿಮಿಷಕ್ಕೆ ಜಾಹೀರಾತು, ಯಾವ ನಿಮಿಷಕ್ಕೆ ಸುದ್ದಿ ಎಂಬುದು ಮೊದಲೇ ಗೊತ್ತಾಗಿರುತ್ತದೆ. ಕೇಂದ್ರದ ಹೆಸರನ್ನೂ ಊರನ್ನೂ ಪ್ರತಿ ಗಂಟೆಯ ಆಸುಪಾಸಿನಲ್ಲಿ ಹೇಳಬೇಕೆಂಬುದು ಅಲ್ಲಿನ ಸಂಪರ್ಕ ಆಯೋಗದ ನಿಯಮ. ಇದನ್ನೆಲ್ಲ ಎರಡು ವಾರಗಳಲ್ಲಿ ಕಲಿಯಬಹುದು.

ಕೇಳುಗರ ಎಣಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಮಾತ್ರ ಆರಂಭದಲ್ಲೇ ತಿಳಿದುಕೊಳ್ಳಿ, ಏಕೆಂದರೆ ನಿಮ್ಮ ಮಾತಿನ ರೂಪವನ್ನು ಅದು ತೀರ್ಮಾನಿಸುತ್ತದೆ. ದೊಡ್ಡ ನಗರಗಳಲ್ಲಿ ಆಯ್ದ ಜನರು ಒಂದು ಸಣ್ಣ ಸಾಧನವನ್ನು ಮೈಮೇಲೆ ಇಟ್ಟುಕೊಂಡಿರುತ್ತಾರೆ. ಪ್ರಸಾರದ ದನಿಯಲ್ಲಿ ಅಡಗಿಸಿದ, ಕಿವಿಗೆ ಕೇಳಿಸದ ಸಂಕೇತವನ್ನು ಅದು ಗುರುತಿಸುತ್ತದೆ. ಫಿಲಡೆಲ್ಫಿಯಾದಲ್ಲಿ ಈ ವಿಧಾನ 2007ರಲ್ಲಿ ಬಳಕೆಗೆ ಬಂತು. ಒಂದು ಕಾಲು ಗಂಟೆಯೊಳಗೆ ಒಟ್ಟು ಮೂರು ನಿಮಿಷ (2025ಕ್ಕೆ ಮುನ್ನ ಐದು ನಿಮಿಷ) ಕೇಳಿದರೆ ಆ ಇಡೀ ಕಾಲು ಗಂಟೆ ಕೇಂದ್ರದ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದಲೇ ನಿರೂಪಕರು ಬ್ರೇಕಿಗೆ ಮುನ್ನ ಮುಂದೇನಿದೆ ಎಂದು ಆಸೆ ಹುಟ್ಟಿಸುತ್ತಾರೆ, ಬ್ರೇಕಿನ ನಂತರ ಯಾವ ವಿಷಯ ನಡೆದಿದೆ ಎಂದು ಮತ್ತೆ ಹೇಳುತ್ತಾರೆ. ಒಮ್ಮೆ ಬರೆದದ್ದನ್ನು ಮತ್ತೆ ಬರೆಯಬಾರದೆಂದು ಕಲಿತ ಅಂಕಣಕಾರನಿಗೆ ಈ ಪುನರುಕ್ತಿ ನಾಚಿಕೆಯೆನಿಸುತ್ತದೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಹೊಸಬರು ಬಂದು ಸೇರುವ ಜಾಗದಲ್ಲಿ ನಿಮ್ಮ ನಿಲುವನ್ನು ಬೇರೆ ಬೇರೆ ಮಾತುಗಳಲ್ಲಿ ಆರೇಳು ಸಲ ಹೇಳುವುದು ಸೌಜನ್ಯ. ಹೇಳಿದ್ದನ್ನೇ ಅದೇ ಮಾತಿನಲ್ಲಿ ಹೇಳಿದರೆ ಮಾತ್ರ ತಪ್ಪು.

ಕರೆ ಮಾಡುವವರು

ಫೋನ್ ಮೊದಲು ಹೋಗುವುದು ನಿಮ್ಮ ಬಳಿಗಲ್ಲ, ಕರೆ ಆಯುವ ಸಿಬ್ಬಂದಿಯ ಬಳಿಗೆ. ಅವರು ಏನು ಹೇಳಬೇಕೆಂದಿದ್ದೀರಿ ಎಂದು ಕೇಳಿ, ನಿಮ್ಮ ಮುಂದಿನ ಪರದೆಗೆ ಒಂದು ಸಾಲು ಕಳಿಸುತ್ತಾರೆ: ಎರಡನೆಯ ಲೈನು, ಸೌತ್ ಜೆರ್ಸಿ, ಮೂರು ಅಂಕ ತೆಗೆದುಕೊಳ್ಳಬೇಕಿತ್ತು, ಐದನೆಯ ಲೈನು, ಕಾರಿನಿಂದ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಹೊಸಬರ ಬೆರಳು ಐದನೆಯ ಲೈನಿನತ್ತ ಹೋಗುತ್ತದೆ. ಎರಡನೆಯದನ್ನು ಎತ್ತಿಕೊಳ್ಳಿ. ಒಪ್ಪುವ ಕರೆ ನಲವತ್ತು ಸೆಕೆಂಡಿನಲ್ಲಿ ಒಣಗಿಹೋಗುತ್ತದೆ, ಒಪ್ಪದ ಕರೆಯಿಂದ ಇನ್ನೂ ನಾಲ್ಕು ಕರೆಗಳು ಹುಟ್ಟುತ್ತವೆ.

ಕರೆಯವರು ನಿಮ್ಮಷ್ಟು ತಿಳಿದವರಾಗಿರಬೇಕಿಲ್ಲ. ಲಾಕರ್ ರೂಮಿನಲ್ಲಿ ಓಡಾಡಿದ ಬರಹಗಾರನಿಗೆ ಅವರನ್ನು ಅಂಕಿ ಅಂಶಗಳಿಂದ ಎರಡೇ ಮಾತಿನಲ್ಲಿ ಮುಗಿಸಿಬಿಡುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಗೆಲ್ಲುವುದು ಆ ಒಂದು ವಾದ ಮಾತ್ರ, ಉಳಿದವರು ಫೋನ್ ಮಾಡಲು ಹೆದರುತ್ತಾರೆ. ಅವರ ವಾದವನ್ನು ಅವರಿಗಿಂತ ಚೆನ್ನಾಗಿ ಒಮ್ಮೆ ನೀವೇ ಹೇಳಿಕೊಟ್ಟು, ಆಮೇಲೆ ಅದನ್ನು ಎದುರಿಸಿ. ಕರೆಯನ್ನು ಮುಗಿಸುವುದೂ ಒಂದು ಕಲೆ: ಅವರ ಒಳ್ಳೆಯ ವಾಕ್ಯ ಬಂದ ಕೂಡಲೇ ಧನ್ಯವಾದ ಹೇಳಿ ಲೈನ್ ಬಿಡಿ, ಉತ್ತರವನ್ನು ಕೇಳುಗರಿಗೆ ಕೊಡಿ.

ಕರೆಗಳಿಲ್ಲದೆಯೂ ಕಾರ್ಯಕ್ರಮ ನಡೆಯುತ್ತದೆ ಎಂಬುದನ್ನೂ ಹೇಳಬೇಕು. ಕಾರ್ನ್‌ಹೈಸರ್ ಅವರ ಶೈಲಿ ಸ್ಟುಡಿಯೊದಲ್ಲಿ ಪತ್ರಕರ್ತ ಗೆಳೆಯರನ್ನು ಕೂರಿಸಿಕೊಂಡು ಹರಟುವುದು, ಕೇಳುಗರ ಇಮೇಲ್‌ಗಳನ್ನು ಓದುವುದು. ಬರೆಯುವ ಕೇಳುಗರನ್ನು ಕಟ್ಟಿಕೊಳ್ಳುವ ಈ ಬಗೆ ಅಂಕಣಕಾರರ ಸ್ವಭಾವಕ್ಕೆ ಹತ್ತಿರವಾದದ್ದು. ಕಟಾಲ್ಡಿ ಇದರ ಇನ್ನೊಂದು ತುದಿ. ಅವರ ಬೆಳಗಿನ ಕಾರ್ಯಕ್ರಮದ ಜೀವವೇ ಕರೆಗಳಾಗಿದ್ದವು. ಆ ಶಕ್ತಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 1999ರ ಏಪ್ರಿಲ್ ಸಾಕ್ಷಿ. ಹೊಸ ಆಟಗಾರರ ಆಯ್ಕೆ ನಡೆಯುತ್ತಿದ್ದ ನ್ಯೂಯಾರ್ಕಿಗೆ ಡಬ್ಲ್ಯುಐಪಿ ಕೇಂದ್ರ ಸುಮಾರು 30 ಅಭಿಮಾನಿಗಳನ್ನು ಕರೆದೊಯ್ದಿತ್ತು. ಅವರಿಗೆ ಬೇಕಾಗಿದ್ದದ್ದು ರಿಕಿ ವಿಲಿಯಮ್ಸ್ ಎಂಬ ಆಟಗಾರ. ಈಗಲ್ಸ್ ಡೊನೊವನ್ ಮೆಕ್‌ನ್ಯಾಬ್ ಅವರ ಹೆಸರು ಕೂಗಿದಾಗ ಅಲ್ಲೇ ಛೀಮಾರಿ ಹಾಕಿದರು. ಮೆಕ್‌ನ್ಯಾಬ್ ಆ ತಂಡಕ್ಕೆ 11 ಋತು ಆಡಿ, ಒಮ್ಮೆ ಸೂಪರ್ ಬೌಲ್‌ವರೆಗೂ ಕರೆದೊಯ್ದರು. ಬೈಲೈನಿನ ಕೆಳಗೆ ಬರೆದ ತಪ್ಪು ತೀರ್ಪು ಹಳೆಯ ಕಾಗದವಾಗಿ ಹೋಗುತ್ತದೆ, ಕೇಳುಗರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಕೊಟ್ಟ ತೀರ್ಪು ಆ ಆಟಗಾರನ ಹೆಸರಿಗೆ ಅಂಟಿಕೊಳ್ಳುತ್ತದೆ.

ತಿದ್ದುವವರಿಲ್ಲದ ಜಾಗ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನೇರಪ್ರಸಾರಕ್ಕೆಂದೇ ಹುಟ್ಟಿದಂತಿದೆ. ಕೇಂದ್ರಗಳು ಪ್ರಸಾರವನ್ನು ಕೆಲವು ಸೆಕೆಂಡು ತಡವಾಗಿ ಬಿಡುತ್ತವೆ, ಅಷ್ಟರೊಳಗೆ ಡಂಪ್ ಬಟನ್ ಒತ್ತಿದರೆ ಆಡಿದ ಮಾತು ಗಾಳಿಗೆ ಹೋಗುವುದಿಲ್ಲ. ಬೆಳಗಿನ 6ರಿಂದ ರಾತ್ರಿ 10ರವರೆಗೆ ಅಸಭ್ಯ ಮಾತಿಗೆ ನಿಷೇಧವಿರುವುದರಿಂದ ಬಟನ್ ಮುಖ್ಯವಾಗಿ ಬೈಗುಳಕ್ಕಾಗಿ ಇದೆ. ಮಾನಹಾನಿಯನ್ನೋ ಅವಿವೇಕವನ್ನೋ ಅದು ಗುರುತಿಸಲಾರದು. 2010ರಲ್ಲಿ ಕಾರ್ನ್‌ಹೈಸರ್ ತಮ್ಮ ರೇಡಿಯೊ ಕಾರ್ಯಕ್ರಮದಲ್ಲಿ ತಾವು ಕೆಲಸ ಮಾಡುತ್ತಿದ್ದ ಕ್ರೀಡಾ ಟಿವಿ ವಾಹಿನಿ ಇಎಸ್‌ಪಿಎನ್‌ನ ಸಹೋದ್ಯೋಗಿಯೊಬ್ಬರ ಉಡುಪಿನ ಬಗ್ಗೆ ಆಡಿದ ಮಾತಿಗಾಗಿ ಆ ವಾಹಿನಿ ಅವರನ್ನು ಎರಡು ವಾರ ಅಮಾನತಿನಲ್ಲಿಟ್ಟಿತು. ಅಂಥ ವಾಕ್ಯವನ್ನು ಪತ್ರಿಕೆಯಲ್ಲಾದರೆ ಉಪಸಂಪಾದಕರು ಸದ್ದಿಲ್ಲದೆ ಹೊಡೆದುಹಾಕುತ್ತಿದ್ದರು. ವ್ಯಕ್ತಿಯ ಆಟದ ಬಗ್ಗೆ ಎಷ್ಟು ಕಟುವಾಗಿಯಾದರೂ ಮಾತಾಡಿ, ದೇಹ, ಉಡುಪು, ಮನೆಯ ವಿಚಾರ ಬಂದರೆ ನಿಲ್ಲಿಸಿ. ಕೇಳಿಬಂದ ಸುದ್ದಿಯನ್ನು “ಹೀಗಂತೆ” ಎಂದು ತೇಲಿಬಿಡುವುದೂ ಬೇಡ. ಬರೆಯಲಾಗದ್ದನ್ನು ಹೇಳಲೂ ಆಗದು.

ಜಾಹೀರಾತು ಪತ್ರಿಕೆಯವರಿಗೆ ಹೆಚ್ಚು ಮುಜುಗರ ತರುವ ವಿಷಯ. ಹಾಸಿಗೆ ಅಂಗಡಿ, ಕಾರು ಮಾರಾಟಗಾರ, ಬಿಯರ್ ಕಂಪನಿ, ಇವುಗಳ ಪ್ರಶಂಸೆಯನ್ನು ನಿರೂಪಕನೇ ತನ್ನ ದನಿಯಲ್ಲಿ ಹೇಳಬೇಕಾಗುತ್ತದೆ, ಮತ್ತು ನಿಮ್ಮ ಆದಾಯದ ಒಂದು ಪಾಲು ಅದರಿಂದಲೇ ಬರುತ್ತದೆ. ಬಳಸದ ವಸ್ತುವನ್ನು ಬಳಸಿದೆ ಎನ್ನಬೇಡಿ. ಗೂಗಲ್‌ನ ಪಿಕ್ಸೆಲ್ 4 ಫೋನನ್ನು ಬಳಸದ ರೇಡಿಯೊ ನಿರೂಪಕರಿಂದ ಬಳಸಿದವರಂತೆ ಹೇಳಿಸಿದ ಆರೋಪದ ಪ್ರಕರಣ 2022ರಲ್ಲಿ ಗೂಗಲ್ ಮತ್ತು ಐಹಾರ್ಟ್‌ಮೀಡಿಯಾ ಕಂಪನಿಗಳು 94 ಲಕ್ಷ ಡಾಲರ್ ಕೊಡಲು ಒಪ್ಪಿದ ಮೇಲೆ ಇತ್ಯರ್ಥವಾಯಿತು. ಯಾವ ಬಗೆಯ ಜಾಹೀರಾತನ್ನು ನಿರಾಕರಿಸಬಹುದು ಎಂಬ ಪಟ್ಟಿ ಒಪ್ಪಂದಕ್ಕೆ ಲಗತ್ತಾಗಿರಲಿ. ಬೆಟ್ಟಿಂಗ್ ಆ್ಯಪ್‌ಗಳ ಬಗ್ಗೆ ಈಗಲೇ ನಿರ್ಧರಿಸಿ.

ಮೈದಾನವನ್ನು ಬಿಡಬೇಡಿ

ಬೆಳಗಿನ ಪಾಳಿಗೆ ನಾಲ್ಕಕ್ಕೆ ಏಳುವವರು ರಾತ್ರಿಯ ಪಂದ್ಯಕ್ಕೆ ಹೋಗುವುದನ್ನು ನಿಧಾನವಾಗಿ ಬಿಟ್ಟುಬಿಡುತ್ತಾರೆ. ಟಿವಿಯಲ್ಲಿ ನೋಡಿದ್ದನ್ನು ಟಿವಿಯಲ್ಲಿ ನೋಡಿದವರಿಗೇ ಹೇಳುವ ಸ್ಥಿತಿ ಬರುವುದು ಹೀಗೆ. ತಂಡದ ವೈದ್ಯರ ಮುಖಭಾವ, ಅಭ್ಯಾಸದಲ್ಲಿ ಯಾರು ಯಾರ ಜೊತೆ ನಿಂತಿದ್ದರು, ಸೋತವನು ಪ್ರಶ್ನೆಗೆ ಎಷ್ಟು ಹೊತ್ತು ಉತ್ತರಿಸಲಿಲ್ಲ, ಇಂಥವೇ ಕರೆಯವರ ಬಳಿ ಇಲ್ಲದ ಸರಕು. ವಾರಕ್ಕೆ ಒಂದಾದರೂ ಪಂದ್ಯ, ಒಂದಾದರೂ ಅಭ್ಯಾಸ ನೋಡಲು ಹೋಗುವುದನ್ನು ಕೆಲಸದ ಭಾಗವೆಂದೇ ಕೇಂದ್ರದಿಂದ ಒಪ್ಪಿಸಿಕೊಳ್ಳಿ. ನೀವು ಹಿಂದಿನ ದಿನ ಬೈದ ಆಟಗಾರನ ಎದುರು ಮರುದಿನ ಕಾಣಿಸಿಕೊಳ್ಳುವುದು ಪತ್ರಕರ್ತರ ಹಳೆಯ ಮರ್ಯಾದೆ. ವಾರಕ್ಕೊಂದು ಅಂಕಣವನ್ನೂ ಉಳಿಸಿಕೊಳ್ಳಲು ಸಾಧ್ಯವಾದರೆ ಉಳಿಸಿಕೊಳ್ಳಿ. ದಿನವೂ ಆಡಿದ ಮಾತಿನಲ್ಲಿ ಜೊಳ್ಳೆಷ್ಟು ಎಂಬುದು ಬರೆಯಲು ಕೂತಾಗ ತಿಳಿಯುತ್ತದೆ.

ಕನ್ನಡದಲ್ಲಿ ಮಾಡುವುದಾದರೆ

ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು ಕಾರಿನಲ್ಲಿ ಡಬ್ಲ್ಯುಎಫ್‌ಎಎನ್ ಕೇಳುತ್ತಾ ಇಂಥದ್ದು ನಮ್ಮಲ್ಲಿ ಏಕಿಲ್ಲ ಎಂದುಕೊಳ್ಳುವುದು ಸಹಜ. ಭಾರತದಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳು ತಮ್ಮದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. 2011ರ ಮೂರನೆಯ ಹಂತದ ನೀತಿಯಲ್ಲಿ ಕ್ರೀಡಾ ಮಾಹಿತಿಗೆ ಅವಕಾಶ ಸಿಕ್ಕಿತಾದರೂ, ಹಾಡುಗಳ ನಡುವೆ ನಾಲ್ಕು ಗಂಟೆಯ ಕ್ರೀಡಾ ಚರ್ಚೆಗೆ ಜಾಗ ಕೊಡುವ ಕೇಂದ್ರ ಸಿಗುವುದು ಕಷ್ಟ. ಕನ್ನಡದ ಅಂಕಣಕಾರರಿಗೆ ಹತ್ತಿರದ ದಾರಿ ಪಾಡ್‌ಕಾಸ್ಟ್. ಅಲ್ಲಿ ಗಡಿಯಾರದ ಕಾಟವಿಲ್ಲ, ಆದರೆ ಎದುರು ಮಾತಾಡುವವರೂ ಇಲ್ಲ. ಅಂಕಣದ ಹಳೆಯ ಚಾಳಿ ಮರಳಿ ಬರುವುದಕ್ಕೆ ಅದೇ ಕಾರಣ.

ಅದಕ್ಕೊಂದು ಪರಿಹಾರ ವಾಟ್ಸ್‌ಆ್ಯಪ್‌ನ ದನಿಸಂದೇಶಗಳು. ಸಂಚಿಕೆಯನ್ನು ಧ್ವನಿಮುದ್ರಿಸುವ ಎರಡು ದಿನ ಮೊದಲು ಒಂದೇ ಪ್ರಶ್ನೆಯನ್ನು ಹರಡಿ. ಉದಾಹರಣೆಗೆ, 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದ ಫೈನಲ್ಲಿನಲ್ಲಿ ಪಂದ್ಯಶ್ರೇಷ್ಠರಾದದ್ದು 17 ರನ್ ಕೊಟ್ಟು 2 ವಿಕೆಟ್ ಪಡೆದ ಕೃಣಾಲ್ ಪಾಂಡ್ಯ. ಹಾಗಿದ್ದರೆ ಅಷ್ಟು ವರ್ಷ ಬ್ಯಾಟಿಂಗ್ ತಾರೆಗಳನ್ನೇ ನಂಬಿ ತಂಡ ಕಟ್ಟಿದ್ದು ತಪ್ಪಲ್ಲವೇ ಎಂದು ಕೇಳಿ. ಒಂದು ನಿಮಿಷ ಮೀರದಂತೆ, ಊರಿನ ಹೆಸರಿನೊಂದಿಗೆ ಕಳಿಸಲು ಹೇಳಿ, ದನಿ ಬಳಸಲು ಒಪ್ಪಿಗೆಯನ್ನೂ ಅದರಲ್ಲೇ ಪಡೆಯಿರಿ. ಬಂದವುಗಳಲ್ಲಿ ನಿಮ್ಮನ್ನು ಅತ್ಯಂತ ಚೆನ್ನಾಗಿ ಅಲ್ಲಗಳೆದ ಸಂದೇಶವನ್ನು ಆಯ್ದು, ನಿಮ್ಮ ಆರಂಭದ ಮಾತು ಮುಗಿದ ಕೂಡಲೇ ಪೂರ್ತಿಯಾಗಿ ಕೇಳಿಸಿ. ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳದೆ, ಕೇಳಿಸಿಕೊಂಡ ಮೇಲೆ ಮೈಕಿನ ಮುಂದೆಯೇ ಯೋಚಿಸಿ ಹೇಳಿ.